ಬಾನೆಟ್ ಮೇಲಿನ ಕಲೆ

"ಇಲ್ಲಿ ನೋಡು," ಅಂದ ಅಪ್ಪ. "ಮತ್ತೆ ನೀರಿನ ಕಲೆ ಉಳಿಸಿದ್ದೀಯ."

ಕಪ್ಪು ಕಾರಿನ ಬಾನೆಟ್ ಮೇಲೆ ಅವನ ಬೆರಳು ನಿಂತಿತ್ತು. ಮಗಳು ಬಗ್ಗಿ ನೋಡಿದಳು. ಬೆರಳಿತ್ತು, ಬೆರಳಿನ ನೆರಳಿತ್ತು, ಅದರಡಿಯಲ್ಲಿ ಅವಳದೇ ಸುಸ್ತಾದ ಮುಖವಿತ್ತು. ಕಲೆ ಮಾತ್ರ ಕಾಣಲಿಲ್ಲ. ಆದರೂ ಹೆಗಲ ಮೇಲಿದ್ದ ಒಣ ಟವೆಲ್ ಎಳೆದುಕೊಂಡು ಒರೆಸಿದಳು. ಕಾರು ತೊಳೆಯುವ ಈ ಶೆಡ್ಡಿನಲ್ಲಿ ಅಪ್ಪ ಕಲೆ ಇದೆ ಅಂದರೆ ಇದೆ. ಇಪ್ಪತ್ತಾರು ವರ್ಷ ಇದೇ ಕೆಲಸ ಮಾಡಿದವನು. ಅವನು ಒರೆಸಿಬಿಟ್ಟ ಕಾರಿನಲ್ಲಿ ಮುಖ ಕಾಣುತ್ತದೆಂದು ಡ್ರೈವರುಗಳೆಲ್ಲ ಅವನನ್ನು ಕರೆಯುತ್ತಿದ್ದುದೇ ಕನ್ನಡಿ ಅಂತ.

ಕನ್ನಡಿಯ ಮಂಡಿಗಳು ಈಗ ಬಗ್ಗುತ್ತಿರಲಿಲ್ಲ. "ಹದಿನೈದು ದಿನ ಕೆಲಸ ಕಲಿಸು. ನೀನು ಸೈ ಅಂದರೆ ನಿನ್ನ ಜಾಗಕ್ಕೆ ಮಗಳೇ ಇರಲಿ," ಅಂದಿದ್ದ ಮಾಲೀಕ. ಇವತ್ತಿಗೆ ಹದಿನೈದು ದಿನ. ಬಿಳಿ ಕಾರು, ಬೂದು ಕಾರು ಎಲ್ಲಕ್ಕೂ ಅಪ್ಪ ಸೈ ಅಂದಿದ್ದ. ಕಪ್ಪು ಕಾರು ಬಂದರೆ ಮಾತ್ರ ಅವಳ ಗ್ರಹಚಾರ ಕೆಡುತ್ತಿತ್ತು. "ಬಿಳಿ ಬಣ್ಣ ತಪ್ಪು ಮುಚ್ಚುತ್ತೆ, ಕಪ್ಪು ಬಣ್ಣ ಚಾಡಿ ಹೇಳುತ್ತೆ," ಅನ್ನುವುದು ಅವನ ಮಾತು.

ಅವನು ಹೇಳಿಕೊಟ್ಟದ್ದನ್ನು ಅವಳು ಒಂದೂ ಬಿಟ್ಟಿರಲಿಲ್ಲ. ಗಾಡಿಯನ್ನು ನೆರಳಿಗೆ ಹಾಕಿಸಿ, ಬಾನೆಟ್ ಆರಿದೆಯೇ ಎಂದು ಅಂಗೈ ಇಟ್ಟು ನೋಡಿದ್ದಳು. ಸೋಪಿಗೊಂದು ಬಕೆಟ್, ಸ್ಪಂಜು ಜಾಲಿಸಲು ಇನ್ನೊಂದು. ಮೊದಲು ಮೇಲ್ಭಾಗ, ಆಮೇಲೆ ಬಾಗಿಲು, ಕೊನೆಗೆ ಚಕ್ರ. ಕಡೆಯ ನೀರನ್ನು ರಭಸವಾಗಿ ಹೊಡೆಯದೆ, ಪೈಪನ್ನು ತಗ್ಗಿಸಿ ಹಿಡಿದು, ನೀರು ಹಾಳೆಯಂತೆ ತಾನೇ ಜಾರುವಂತೆ ಬಿಟ್ಟಿದ್ದಳು. ಒಂದು ಹನಿಯೂ ಒಣಗುವ ಮೊದಲೇ ದೊಡ್ಡ ಟವೆಲ್ ಹಾಸಿ, ಉಜ್ಜದೆ, ಮೆಲ್ಲಗೆ ಎಳೆದಿದ್ದಳು. ನೀರು ತಾನಾಗಿ ಒಣಗಿತು ಅಂದರೆ ನಮ್ಮ ಕೈ ಸೋತಿತು ಅಂತ, ಅದೂ ಅಪ್ಪನದೇ ಪಾಠ.

"ಹೋಯ್ತಾ ಅಪ್ಪ?"

"ಎಲ್ಲಿ ಹೋಯ್ತು? ಹಾಲು ಚೆಲ್ಲಿದ ಹಾಗೆ ಬಿದ್ಕೊಂಡಿದೆ. ಮನಸ್ಸಿಟ್ಟು ಒರೆಸಿದ್ರೆ ತಾನೆ? ನಿಮ್ಮಮ್ಮನೂ ಹಾಗೇ. ನಿನ್ನೆ ಆ ಕಬ್ಬಿಣದ ಬಾಣಲೆ ಮೂರು ಸಲ ತೊಳೆಸಿದೆ, ಸೋಪು ಹಂಗೇ ಇತ್ತು."

ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. "ಹಾಗಾದ್ರೆ ಮಾಲೀಕರಿಗೆ ಹೇಳ್ಬಿಡು, ಇವಳ ಕೈಲಿ ಆಗಲ್ಲ ಅಂತ."

"ಹೇಳಲೇಬೇಕು. ಮಗಳು ಅಂತ ಕಲೆ ಇರೋ ಗಾಡಿಗೆ ಸೈ ಅನ್ನೋಕಾಗುತ್ತಾ?" ಅವಳಿಗೆ ಈ ಕೆಲಸ ಸಿಗಲಿ ಎಂದು ಅವಳಿಗಿಂತ ಹೆಚ್ಚು ಆಸೆಪಟ್ಟವನು ಅವನೇ.

ಅಷ್ಟರಲ್ಲಿ ಆ ಕಾರಿನ ಡ್ರೈವರ್ ಬೀಗದ ಕೈ ತಿರುಗಿಸುತ್ತ ಒಳಗೆ ಬಂದ. "ಏನಣ್ಣಾ ಕನ್ನಡಿ, ಗಾಡಿ ಆಯ್ತಾ?"

"ಎಲ್ಲಿ ಆಯ್ತು? ಇಲ್ಲೊಂದು ಕಲೆ ಉಳಿದಿದೆ ನೋಡು."

ಡ್ರೈವರ್ ಬಗ್ಗಿದ. ಆ ಕಡೆಯಿಂದ ನೋಡಿದ, ಈ ಕಡೆಯಿಂದ ನೋಡಿದ, ಬೆರಳಾಡಿಸಿಯೂ ನೋಡಿದ. "ಎಲ್ಲಣ್ಣಾ? ಬೇಕಾದ್ರೆ ಇದರಲ್ಲಿ ನೋಡ್ಕೊಂಡು ಗಡ್ಡ ಬೋಳಿಸ್ತೀನಿ."

"ಹುಡುಗಿ ಮುಖ ನೋಡಿ ಮುಲಾಜಿಗೆ ಹೇಳಬೇಡ."

"ನನಗ್ಯಾಕೆ ಮುಲಾಜು? ಒಂದು ಹನಿ ಗುರುತು ಕಂಡ್ರೂ ನಮ್ಮ ಸಾಹೇಬ್ರು ನನ್ನ ಚರ್ಮ ಸುಲೀತಾರೆ. ಏನೂ ಇಲ್ಲ ಅಂದ್ರೆ ಇಲ್ಲ."

ಅವನು ಕಾರು ಹತ್ತಿ ಹೊರಟೇಹೋದ. ಅಪ್ಪ ನಿಂತಲ್ಲೇ ನಿಂತಿದ್ದ. ಕಾರು ನಿಂತಿದ್ದ ಜಾಗದ ನೆಲ ನೆನೆದು ಕಪ್ಪಗಾಗಿತ್ತು. ಅದನ್ನೇ ನೋಡುತ್ತಿದ್ದವನು ಕಾಲಿನಿಂದ ಅಲ್ಲೇನನ್ನೋ ಒರೆಸಿದ. ಸ್ವಲ್ಪ ತಡೆದು ಇನ್ನೊಮ್ಮೆ ಒರೆಸಿದ.

ಮಗಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಹದಿನೈದು ದಿನಗಳಲ್ಲಿ ಆರು ಕಪ್ಪು ಕಾರು, ಆರರಲ್ಲೂ ಅಪ್ಪ ಕಣ್ಣಿಟ್ಟ ಕಡೆಯೇ ಕಲೆ. ಮನೆಯಲ್ಲಿ ಆ ಬಾಣಲೆ. ಮೂರು ಸಲ ತೊಳೆದು ಸಾಕಾಗಿ ಅಮ್ಮ ಅದನ್ನು ಮೂಲೆಗೆ ಎಸೆದಿದ್ದಳು. ಮಗಳ ಸಿಟ್ಟೆಲ್ಲ ಇಳಿದು, ಆ ಜಾಗದಲ್ಲಿ ಹೆದರಿಕೆ ಬಂದು ಕೂತಿತು.

"ಅಪ್ಪ," ಅಂದಳು ಮೆಲ್ಲಗೆ.

ಅವನು ತಲೆಯೆತ್ತಿ ಅವಳನ್ನು ನೋಡಿದ. ಅಪ್ಪನದೇ ಕಪ್ಪು ಬಣ್ಣ ಹೊತ್ತು ಹುಟ್ಟಿದ ಮುಖ. ಅಭ್ಯಾಸಬಲದಿಂದ ಅವನ ಬಾಯಿಂದ ಮಾತು ಜಾರಿತು:

"ಕೆನ್ನೆ ಒರೆಸ್ಕೋ ಮಗಳೇ, ಅಲ್ಲೂ ನೀರಿನ ಕಲೆ ಇದೆ."

ಆಡಿದ ಮಾತು ಅವನ ಕಿವಿಗೇ ತಿರುಗಿ ಬಂದಂತೆ ಅವನು ಕಣ್ಣುಜ್ಜಿಕೊಂಡ. ಅವಳ ಕೆನ್ನೆ ಒಣಗಿತ್ತು. ಆದರೂ ಅವಳು ಟವೆಲ್ಲಿನಿಂದ, ಬಾನೆಟ್ ಒರೆಸಿದಷ್ಟೇ ಜತನದಿಂದ, ಕೆನ್ನೆ ಒರೆಸಿಕೊಂಡಳು.

"ಈಗ ಹೋಯ್ತಾ ಅಪ್ಪ?"

ಅವನು ಬಹಳ ಹೊತ್ತು ನೋಡಿದ. ಇಪ್ಪತ್ತಾರು ವರ್ಷದಲ್ಲಿ ಕಲೆ ಕಣ್ಣಿಗೆ ಕಾಣುತ್ತಿರುವಾಗ ಇಲ್ಲ ಅಂದವನಲ್ಲ.

"ಹೋಯ್ತು," ಅಂದ. "ಸೈ. ಮಾಲೀಕರಿಗೆ ಹೇಳ್ತೀನಿ, ನಾಳೆಯಿಂದ ನೀನೇ ಬಾ."

ಅಷ್ಟು ಹೇಳುವಾಗ ಅವನು ಮುಖವನ್ನು ಗೋಡೆಯ ಕಡೆ ಹೊರಳಿಸಿದ್ದ. ಮಗಳ ಕೆನ್ನೆ ಚೊಕ್ಕವಾಗಿ ಕಾಣಬೇಕೆಂದರೆ ಅವನೀಗ ಬೇರೆ ಕಡೆ ನೋಡಬೇಕಿತ್ತು.