ಗೆದ್ದಲು ತಿಂದ ಫೋಟೊ

ಮೂರು ತಾಲೂಕಿನ ಮದುಮಕ್ಕಳನ್ನೆಲ್ಲ ನಗಿಸಿ ನಗಿಸಿ ಫೋಟೊ ತೆಗೆದ ಫಕೀರಪ್ಪನ ಮನೆಯಲ್ಲಿ ಹೆಂಡತಿಯ ಫೋಟೊ ಒಂದೂ ಇರಲಿಲ್ಲ. ಕ್ಯಾಮೆರಾ ಕಂಡರೆ ಸಾಕು, ಆಕೆ ಅಡುಗೆಮನೆ ಸೇರುತ್ತಿದ್ದಳು. ಈಗ ಆಕೆ ಸತ್ತು ಹನ್ನೊಂದನೆಯ ದಿನ. ಹಾರವಿದೆ, ಹಾಕಲು ಮುಖವಿಲ್ಲ.

ನಿಜ ಹೇಳಬೇಕೆಂದರೆ ಒಂದಿತ್ತು. ಮದುವೆಯಾದ ವರ್ಷ ಸ್ಟುಡಿಯೋದ ಬಾಗಿಲು ಹಾಕಿಕೊಂಡು, ತಲೆಯ ಮೇಲೆ ಕರಿಬಟ್ಟೆ ಹೊದ್ದು ನೋಡುವ ಆ ಹಳೆಯ ಮರದ ಕ್ಯಾಮೆರಾದಲ್ಲಿ ತೆಗೆದದ್ದು.

"ಯಾರಿಗೂ ತೋರಸಬ್ಯಾಡ್ರಿ, ನನ್ನಾಣಿ" ಅಂದಿದ್ದಳು.

ನಲವತ್ತೆರಡು ವರ್ಷ ಅದು ಟ್ರಂಕಿನ ತಳದಲ್ಲಿತ್ತು. ಫಕೀರಪ್ಪ ಒಬ್ಬನೇ ಕೂತು ಕತ್ತರಿ ಹಿಡಿದ. ಕುತ್ತಿಗೆಯ ಮೇಲಿನದನ್ನು ಚೌಕಟ್ಟಿಗೆ ಹಾಕಿದ. ಕೆಳಗಿನದನ್ನು ಒಲೆಗೆ ಹಾಕಿ, ಪೂರ್ತಿ ಉರಿಯುವವರೆಗೂ ಅಲ್ಲಿಂದ ಏಳಲಿಲ್ಲ.

ಗೋಡೆಯ ಮೇಲೆ ಆಕೆ ಬಾಯ್ತುಂಬ ನಗುತ್ತಿದ್ದಳು.

"ಅಪ್ಪಾ, ಬರೇ ಮುಖ ಐತಲ್ಲ?" ಮಗಳು ಕೇಳಿದಳು.

"ಕೆಳಗ ಗೆದ್ದಲ ತಿಂದಿತ್ತವ್ವಾ."

ತೀರಿಕೊಂಡವಳ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನನ್ನ ತಂಗಿ ಹಿಂಗ ನಕ್ಕಿದ್ದು ನಾ ಒಮ್ಮೆನೂ ಕಂಡಿಲ್ಲ. ಅವತ್ತ ಯಾವ ಸೀರಿ ಇತ್ತು, ಫಕೀರಪ್ಪಾ?"

"ಮೊದಲನೇ ಸಂಕ್ರಾಂತಿಗೆ ನೀವ ಕೊಟ್ಟಿದ್ರಲ್ಲ, ಕರಿ ಚಂದ್ರಕಾಳಿ."

"ನಾ ಕೊಟ್ಟ ಸೀರಿ ಉಟ್ಟು ಇಷ್ಟ್ಯಾಕ ನಕ್ಳು?"

ಫಕೀರಪ್ಪ ವಾಲಿದ್ದ ಹಾರವನ್ನು ನೇರ ಮಾಡಿದ.

"ಕ್ಯಾಮೆರಾದ ಕರಿಬಟ್ಟಿ ಅವತ್ತ ಸಿಗಲಿಲ್ರಿ ಅಕ್ಕಾರ. ಆ ಸೀರಿ ನಾ ಹೊದ್ಕೊಂಡಿದ್ದೆ."