ಜೊತೆದನಿ

"ಆ ಮನುಷ್ಯನ ಜೊತೆ ನಾನು ಹಾಡಲ್ಲ," ಎಂದು ಗಾಯಕಿ ತಮಿಳು ಚಿತ್ರ ಒಪ್ಪುವ ಮೊದಲೇ ಕಡ್ಡಿ ಮುರಿದಂತೆ ಹೇಳಿದ್ದಳು. ಹಿಂದೊಮ್ಮೆ ಸ್ಟುಡಿಯೊ ಬಾಗಿಲು ಹಾಕಿ ಅವಳ ಸೊಂಟಕ್ಕೆ ಕೈ ಹಾಕಿದ್ದ ಆ ಹಿರಿಯ ಗಾಯಕನ ಹೆಸರನ್ನೂ ಅವಳು ಬಾಯಲ್ಲಿ ಎತ್ತುತ್ತಿರಲಿಲ್ಲ.

ಸಂಗೀತ ನಿರ್ದೇಶಕರು ಕೆನ್ನೆ ಬಡಿದುಕೊಂಡರು. "ಛೆ, ಅವನ್ಯಾಕಮ್ಮ? ಹೊಸಬನೊಬ್ಬ ಹಾಡಿದಾನೆ, ಕೇಳಿ."

ಹೆಡ್‌ಫೋನಿನಲ್ಲಿ ಆ ಎಳೆಯ ದನಿ ಕೇಳುತ್ತ ಅವಳು ಪ್ರೇಮಗೀತೆಯ ತನ್ನ ಸಾಲುಗಳನ್ನು ಮನಸಾರೆ ಹಾಡಿ ಬಂದಳು.

ಚಿತ್ರ ಬಿಡುಗಡೆಯಾದ ದಿನ ಚಿತ್ರಮಂದಿರದ ತೆರೆಯ ಮೇಲೆ ನಾಯಕ ನಾಯಕಿಯನ್ನು ಅಪ್ಪಿಕೊಂಡು ಬಾಯಿ ತೆರೆದ. ಅದೇ ಹಿರಿಯನ ಲೋಳೆಲೋಳೆ ದನಿ! ಅದಕ್ಕೆ ಅವಳ ದನಿ ನಾಚುತ್ತ ಓಗೊಟ್ಟಿತು. ಬಾಯಿ ಮುಚ್ಚಿಕೊಂಡು ಹೊರಗೋಡಿದವಳು ಸಂಗೀತ ನಿರ್ದೇಶಕರಿಗೆ ಫೋನ್ ಮಾಡಿದಳು.

"ಹೊಸಬನದು ಬರೀ ಟ್ರ್ಯಾಕ್ ಅಮ್ಮ, ನಿಮಗೆ ಹಾಡೋಕೆ ಆಧಾರಕ್ಕೆ ಅಂತ. ಆಮೇಲೆ ಅದನ್ನ ತೆಗೆದು ಅವರ ದನಿ ಸೇರಿಸಿದ್ವಿ. ಮಾತು ತಪ್ಪಿಲ್ಲ ನಾನು. ನೀವೆಲ್ಲಿ ಅವರ ಜೊತೆ ಹಾಡಿದ್ರಿ? ಅವರೇ ನಿಮ್ಮ ಜೊತೆ ಹಾಡಿದ್ದು."