ಕ್ಯಾಂಡಿಡೇಟ್ ಬಟ್ಟೆ

ಪಂಚಾಯ್ತಿ ಚುನಾವಣೆಗೆ ನಿಂತವಳು ಕಲ್ಪನ. ಬಿಳಿ ಬಟ್ಟೆ ಹೊಲಿಸಿಕೊಂಡವನು ಅವಳ ಗಂಡ ನಾಗೇಶ್. ಬಂಗಾರಪೇಟೆಯ ಟೈಲರ್ ಕೊಟ್ಟ ಮೂರು ಜೊತೆಯೂ ಗಂಜಿ, ಇಸ್ತ್ರಿ ಕಂಡು ಮಂಚದ ಮೇಲೆ ಕೂತಿದ್ದವು. ಸಂಜೆ ಡೈರಿ ಮುಂದೆ ಮತ ಕೇಳುವುದಿತ್ತು. ಸೀಟು ಮಹಿಳೆಗೆ ಮೀಸಲಾಗಿತ್ತು. ಭಾಷಣ ಮೀಸಲಾಗಿರಲಿಲ್ಲ.

"ಇವತ್ತು ನಾನೂ ಬತ್ತೀನಿ," ಎಂದಳು ಕಲ್ಪನ, ಕೊಟ್ಟಿಗೆಯ ಸಗಣಿ ಬಾಚುತ್ತಾ. "ಇಸ್ಕೂಲ್ ಶೌಚಾಲಯಕ್ಕೆ ಚಿಲಕ ಇಲ್ಲ. ಎಣ್ಮಕ್ಳು ಬೆಳಗಿಂದ ಸಂಜೆಗಂಟ ನೀರೇ ಕುಡಿಯಲ್ಲ. ಅದನ್ನ ನಾನೇ ಏಳ್ಬೇಕು."

"ಚಿಲಕಕ್ಕೆ ಯಾರೇ ಓಟಾಕ್ತಾರೆ? ನಾನು ರೋಡ್ ವಿಷ್ಯ ಮಾತಾಡ್ತೀನಿ. ನೀನು ಬಂದ್ರೆ ಅಸು ಯಾರು ಕರೀತಾರೆ?"

ಮೆಟ್ಟಿಲ ಮೇಲೆ ಓದುತ್ತಿದ್ದ ಮಗಳು ಲಿಖಿತ ತಲೆ ಎತ್ತಿದಳು. "ಅಪ್ಪಾ, ಕ್ಯಾಂಡಿಡೇಟ್ ಅಂದ್ರೆ ಮೊದ್ಲು ಏನರ್ಥ ಇತ್ತು ಗೊತ್ತಾ? ಬಿಳೀ ಬಟ್ಟೆಯವನು ಅಂತ. ಲ್ಯಾಟಿನ್‌ನಿಂದ ಬಂದಿದ್ದು. ರೋಮ್‌ನಲ್ಲಿ ಅಧಿಕಾರಕ್ಕೆ ನಿಂತೋರು ಬಟ್ಟೆಗೆ ಸೀಮೆಸುಣ್ಣ ಉಜ್ಜಿ, ಬೆಳ್ಳಗೆ ಮಾಡ್ಕೊಂಡು ಬೀದಿ ಸುತ್ತೋರಂತೆ. ನಮ್ ಇಂಗ್ಲಿಷ್ ಮೇಡಂ ಹೇಳಿದ್ರು."

ನಾಗೇಶ್‌ಗೆ ಮೇಡಂ ಮೇಲೆ ಗೌರವ ಬಂತು. "ಕೇಳಿಸ್ಕೊಂಡ್ಯಾ? ಎರಡು ಸಾವಿರ ವರ್ಷದ ಪದ್ಧತಿ. ಬಟ್ಟೆ ಯಾರ ಮೈಮೇಲೈತೋ ಅವ್ರೇ ಕ್ಯಾಂಡಿಡೇಟು."

"ಅಂಗಾದ್ರೆ ನಾನೂ ಬಿಳೀ ಸೀರೆ ಉಡ್ತೀನಿ."

"ಲೇ! ನಾನಿನ್ನೂ ಬದುಕಿದೀನಿ ಕಣೇ!"

"ಅದೇ ತೊಂದ್ರೆ," ಎಂದು ಕಲ್ಪನ ಸಗಣಿ ಬುಟ್ಟಿ ಎತ್ತಿಕೊಂಡು ತಿಪ್ಪೆಯತ್ತ ಹೋದಳು. ನಗಲು ಬಾಯಿ ತೆರೆದಿದ್ದ ಲಿಖಿತ ಅಮ್ಮನ ಮುಖ ನೋಡಿ ಮತ್ತೆ ಪುಸ್ತಕ ನೋಡಿದಳು.

ನಾಗೇಶ್ ಸ್ನಾನ ಮುಗಿಸಿ ಟವೆಲ್ಲಿನಲ್ಲಿ ಬಂದಾಗ ಮಂಚ ಖಾಲಿಯಿತ್ತು. ಕಲ್ಪನ ಗಿಣಿಹಸಿರು ಸೀರೆಯುಟ್ಟು, ಬಾಗಿಲಲ್ಲಿ ನಿಂತು ಚಪ್ಪಲಿ ಮೆಟ್ಟುತ್ತಿದ್ದಳು.

"ನನ್ ಬಟ್ಟೆ ಎಲ್ಲೇ?"

"ನೆನೆ ಆಕಿದೀನಿ."

"ಒಗೆದಿರೋ ಬಟ್ಟೆನಾ? ಮೂರು ಜೊತೆನೂ?"

"ಇನ್ನೂ ಬೆಳ್ಳಗಾಗ್ಲಿ ಅಂತ. ಬಣ್ಣದಂಗಿ ಐತಲ್ಲ, ಆಕ್ಕೊಂಡು ಬನ್ನಿ. ನನ್ ಪಕ್ಕದಲ್ಲಿ ನಿಂತು ಕೈ ಮುಗೀರಿ. ಅಸು ಲಿಖಿತ ಕರೀತಾಳೆ."

ಬಣ್ಣದ ಅಂಗಿಯಲ್ಲಿ ಹೋದರೆ ಮತದಾರನ ಹಾಗೆ ಕಾಣುತ್ತೇನೆಂದು ನಾಗೇಶ್ ಮನೆಯಲ್ಲೇ ಉಳಿದ. ಸ್ವಲ್ಪ ಹೊತ್ತು ಬಕೆಟ್ಟು ನೋಡುತ್ತಾ ಕೂತ. ಆಮೇಲೆ ಲುಂಗಿ ಎತ್ತಿ ಕಟ್ಟಿ, ಒಂದೊಂದೇ ಅಂಗಿ ಹಿಂಡಿ, ರಸ್ತೆ ಬದಿಯ ತಂತಿಯ ಮೇಲೆ ಹರವಿದ. ಡೈರಿ ಕಡೆಯಿಂದ ಮೈಕಿನಲ್ಲಿ ಕಲ್ಪನಳ ದನಿ ಬರುತ್ತಿತ್ತು. ಮೊದಲು ನಡುಗಿತು, ಆಮೇಲೆ ಚಿಲಕದ ವಿಷಯಕ್ಕೆ ಬಂತು. ಯಾರೋ ಹೆಂಗಸರು ಜೋರಾಗಿ "ಔದು, ಔದು" ಎಂದರು.

ಹಾಲು ಹಾಕಲು ಹೊರಟಿದ್ದ ಪಕ್ಕದ ಬೀದಿಯ ಕೋದಂಡಪ್ಪ ಆ ದಾರಿಯಲ್ಲೇ ಬಂದ. ತಂತಿಯ ಹಿಂದೆ ಲುಂಗಿಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ನಾಗೇಶ್ ಅವನಿಗೆ ಕಾಣಲಿಲ್ಲ. ತೋಳು ಚಾಚಿ ತೂಗುತ್ತಿದ್ದ ಮೂರು ಬಿಳಿ ಅಂಗಿಗಳಿಗೆ ಅವನು ನಿಂತು ಕೈ ಮುಗಿದು, ಮುಂದೆ ಹೋದ.